ಅತ್ತೆಯ ಮೂಗು ಒಳಗೆ ಹೋದ ಭಾನುವಾರ

ಮಿಲ್ವಾಕೀ ಊರಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಸವೆದ ಮನುಷ್ಯ ನಾನು, ಆರ್ವಿಲ್ ಝಾಸ್ಟ್ರೋ. ಕಬ್ಬಿಣದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಇಂಥ ಬೆರಳುಳ್ಳವನು ಒಂದು ಹಳೇ ಕ್ಯಾಮೆರಾ ರಿಪೇರಿಗೆ ಇನ್ನೊಬ್ಬರ ಬಾಗಿಲು ತಟ್ಟುವುದೇ? ಕೈಯಾರೆ ಸರಿಮಾಡಿ, ಅತ್ತೆಯ ತೊಂಬತ್ತನೇ ಹುಟ್ಟುಹಬ್ಬವನ್ನು ಅದರಲ್ಲೇ ತೆಗೆಯುತ್ತೇನೆ ಎಂದು ಘೋಷಿಸಿಬಿಟ್ಟೆ!

ಕ್ಯಾಮೆರಾ ಮಾವನದು, ಎರಡು ಕಣ್ಣಿನದು. ಒಂದೇ ಸಲಕ್ಕೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆಯುತ್ತದೆ. ಆ ಜೋಡಿಯನ್ನು ರಟ್ಟಿನ ಚೌಕಟ್ಟಿಗೆ ಕೂರಿಸಿ, ದುರ್ಬೀನಿನಂಥ ಪೆಟ್ಟಿಗೆಯಲ್ಲಿ ನೋಡಿದರೆ ಮುಂದಿರುವುದು ಮುಂದೆ, ಹಿಂದಿರುವುದು ಹಿಂದೆ, ಎಲ್ಲ ಕೈಗೆ ಸಿಗುವ ಹಾಗೆ ಕಾಣುತ್ತದೆ. ಮಾವ ತೀರಿಕೊಂಡ ಮೇಲೆ ಅದು ಹನ್ನೆರಡು ವರ್ಷ ಬೀರುವಿನಲ್ಲಿ ಮಲಗಿತ್ತು.

"ರೀ, ಅಂಗಡಿಗೆ ಕೊಡಿ. ಅಪ್ಪನ ಪ್ರಾಣ ಅದರಲ್ಲಿತ್ತು," ಅಂದಳು ಹೆಂಡತಿ ವರ್ನಾ.

"ಅಂಗಡಿಯವನೇ ನನ್ನ ಹತ್ತಿರ ಬಂದು ಕಲೀಲಿ," ಅಂದೆ.

ಶಟರಿನ ಜಿಡ್ಡು ತೆಗೆದೆ, ಗಾಜು ಒರೆಸಿದೆ. ಒಳಗೆ ಫಿಲ್ಮಿನ ಮುಂದೆ ಎರಡು ಚೌಕ ಕಿಂಡಿಗಳಿವೆ. ಅವುಗಳಲ್ಲಿ ಒಂದರ ಅಂಚಿಗೆ ಯಾರೋ ಒಡ್ಡೊಡ್ಡಾಗಿ ಕಚ್ಚು ಹಾಕಿದ್ದರು. ಯಾವ ಕಸುಬುಗೇಡಿಯ ಕೆಲಸವಪ್ಪಾ ಇದು ಎಂದು ಬೈದುಕೊಂಡು, ಗಟ್ಟಿ ಅಂಟು ತುಂಬಿ, ನಯವಾಗಿ ಉಜ್ಜಿ, ಕಪ್ಪು ಬಣ್ಣ ಬಳಿದೆ. ಕಿಂಡಿಗಳೆರಡೂ ಅವಳಿ ಮಕ್ಕಳ ಹಾಗಾದವು.

ಹುಟ್ಟುಹಬ್ಬ ಮುಗಿದು ಫಿಲ್ಮು ತೊಳೆದು ಬಂತು. ಚಿತ್ರಗಳನ್ನೆಲ್ಲ ಬಿಡಿಬಿಡಿಯಾಗಿ ಕತ್ತರಿಸಿ ಸೂಪಿನ ಬಟ್ಟಲಿಗೆ ಹಾಕಿಕೊಂಡ ಮೇಲೆ ಹೊಳೆಯಿತು, ಯಾವುದು ಎಡ, ಯಾವುದು ಬಲ? ಇರುವುದೇ ಎರಡು ಕಣ್ಣು, ಎಷ್ಟು ತಪ್ಪಾದೀತು ಎಂದು ಕೈಗೆ ಸಿಕ್ಕ ಹಾಗೆ ಕೂರಿಸಿಬಿಟ್ಟೆ. ನೋಡುವ ಪೆಟ್ಟಿಗೆ ಅತ್ತೆಯ ಮನೆಯಲ್ಲಿತ್ತು.

ಭಾನುವಾರ ಅಲ್ಲಿ ಸಾಸೇಜು, ಆಲೂಗೆಡ್ಡೆ ಊಟ ಮುಗಿಸಿ, ಮೊದಲ ದರ್ಶನದ ಗೌರವವನ್ನು ಅತ್ತೆ ಹುಲ್ಡಾ ಅವರಿಗೇ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಆರ್ವಿಲ್, ಕೇಕು ನನ್ನ ಬೆನ್ನ ಹಿಂದೆ ಯಾಕಿದೆ? ನನ್ನ ಮೂಗೂ ಒಳಗೆ ಹೋಗಿದೆಯಲ್ಲೋ."

ನನ್ನ ಕೆಲಸದಲ್ಲಿ ತಪ್ಪೇ? ವಯಸ್ಸಾಯಿತಲ್ಲ ಅತ್ತೆ, ಕಣ್ಣು ಹಾಗೇ ಆಟ ಆಡುತ್ತದೆ ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಅಮ್ಮ ಕಾರು ಓಡಿಸುವುದನ್ನು ಬಿಡಿಸಲು ಆರು ತಿಂಗಳಿಂದ ನೆಪ ಹುಡುಕುತ್ತಿದ್ದ ವರ್ನಾ, ಗೋಡೆಯ ಮೊಳೆಯಲ್ಲಿದ್ದ ಕೀ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ನಾಳೆಯೇ ಕಣ್ಣಿನ ಡಾಕ್ಟರು, ಇನ್ನು ಕಾರು ಮುಟ್ಟಕೂಡದು ಅಂದಳು. ಅತ್ತೆಗೆ ಗುರುವಾರದ ಇಸ್ಪೀಟೇ ಲೋಕ. ಅದಕ್ಕೆ ಹನ್ನೆರಡು ಮೈಲಿ ತಾವೇ ಕಾರು ಓಡಿಸಿಕೊಂಡು ಹೋಗುವವರು. ಮಾತಿಗೆ ಮಾತು ಕೊಡುವ ಆ ಹೆಂಗಸು ಅಂದು ತಟ್ಟೆ ನೋಡುತ್ತ ಕುಳಿತುಬಿಟ್ಟರು.

ಮೆಲ್ಲಗೆ ಪೆಟ್ಟಿಗೆಗೆ ಕಣ್ಣಿಟ್ಟೆ. ಮೂಗು ನಿಜಕ್ಕೂ ಒಳಗೆ ಹೋಗಿತ್ತು. ಹಿಂದಿನ ಕಿಟಕಿ ಅತ್ತೆಯನ್ನು ತಳ್ಳಿಕೊಂಡು ಮುಂದೆ ಬಂದಿತ್ತು.

"ನಿಮಗೆ ಹೇಗೆ ಕಾಣುತ್ತೆ?" ಅಂದಳು ವರ್ನಾ.

"ಸರಿಯಾಗೇ ಇದೆ," ಅಂದೆ. ನಾಚಿಕೆಗೇಡು, ಒಪ್ಪುತ್ತೇನೆ.

ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ತೋರಿಸಲೆಂದು ನಾನು ಜೊತೆಗೆ ತಂದಿದ್ದ ಕ್ಯಾಮೆರಾ ತಾ ಅಂದರು. ಹಿಂದಿನ ಬಾಗಿಲು ತೆಗೆದು ಕಿಂಡಿಯ ಅಂಚಿನ ಮೇಲೆ ಉಗುರು ಆಡಿಸಿದರು.

"ಇಲ್ಲಿದ್ದ ಕಚ್ಚು ಎಲ್ಲಿ?"

"ಮುಚ್ಚಿದೆ, ಅತ್ತೆ. ತುಂಬ ಒರಟಾಗಿತ್ತು."

"ಬಲಗಣ್ಣಿನ ಪ್ರತಿ ಚಿತ್ರದ ಅಂಚಲ್ಲೂ ಮೂಡೋ ಗುರುತು ಕಣೋ ಅದು! ನಿನ್ನ ಮಾವನೂ ಕೊಂಡ ವರ್ಷವೇ ಅದನ್ನ ನಯಮಾಡಿ ಮುಚ್ಚಿದ್ರು. ಉಗುರು ಉಜ್ಜೋ ಅರದಲ್ಲಿ ಮತ್ತೆ ಕೊರೆದವಳು ನಾನು. ಒರಟಾಗದೆ ಇನ್ನೇನಾಗುತ್ತೆ?"

ಚೌಕಟ್ಟು ಬಿಚ್ಚಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಮಗಳ ಕೈಗೆ ಕೊಟ್ಟರು. ವರ್ನಾ ನೋಡಿದಳು. ಕೇಕು ಮುಂದೆ ಬಂದಿತ್ತು, ಅಮ್ಮನ ಮೂಗು ಅದರ ಜಾಗಕ್ಕೆ ಬಂದಿತ್ತು. ಅವಳ ಕಣ್ಣು ತುಂಬಿತು. ಆಮೇಲೆ ಒಣಗಿತು. ಆಮೇಲೆ ನನ್ನ ಕಡೆ ತಿರುಗಿತು.

"ನಿಮಗೆ ಸರಿಯಾಗೇ ಕಂಡಿತು ಅಂದ್ರಲ್ಲ?"

ಬ್ಯಾಗಿನಿಂದ ಅಮ್ಮನ ಕೀ ತೆಗೆದು ಅಮ್ಮನಿಗೆ ಕೊಟ್ಟಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. ನನ್ನ ಕಾರಿನ ಕೀ ಕೊಟ್ಟೆ.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆ. ಕಾರು ಓಡಿಸಿದವರು ಅತ್ತೆ.