ಕಿತ್ತಳೆ ದೀಪ ಹಸಿರಾಗುವ ತನಕ

ಅಂಗಡಿಯವನ ಕಪಾಟಿನಲ್ಲಿ ಸರಕು ಖಾಲಿಯಾಗಬಹುದು, ಇಂಥ ಪ್ರಸಂಗಗಳು ಮಾತ್ರ ಖಾಲಿಯಾಗುವುದಿಲ್ಲ. ಶಿವಮೊಗ್ಗದಲ್ಲಿ ನಾನು ಮಾರುವುದು ನೆಟ್‌ವರ್ಕ್ ಸ್ವಿಚ್ಚು. ಗೋಡೆ ಮೇಲಿನ ಲೈಟಿನ ಸ್ವಿಚ್ಚಲ್ಲ. ಆಫೀಸಿನ, ಅಂಗಡಿಯ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಉದ್ದನೆಯ ಪೆಟ್ಟಿಗೆ. ಒಂದೊಂದು ತೂತಿಗೆ ಒಂದೊಂದು ಪುಟ್ಟ ದೀಪ. ಈಗಿನ ಪೆಟ್ಟಿಗೆಗೆ ವೈರು ಚುಚ್ಚಿ ಕೈ ತೆಗೆಯುವುದರೊಳಗೆ ಹಸಿರು ಬಂದಿರುತ್ತದೆ. ಹಿಂದೆ ಹಾಗಿರಲಿಲ್ಲ. ಮೊದಲು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು, ಹತ್ತಿರಹತ್ತಿರ ಒಂದು ನಿಮಿಷ ಯೋಚನೆ ಮಾಡುತ್ತಿತ್ತು, ಆಮೇಲೆ ಹಸಿರಾಗುತ್ತಿತ್ತು. ಆ ಒಂದು ನಿಮಿಷದಲ್ಲಿ ಕಂಡಷ್ಟು ಜನರ ಬಣ್ಣ ಉಳಿದ ಇಡೀ ವ್ಯಾಪಾರದಲ್ಲಿ ನಾನು ಕಂಡಿಲ್ಲ.

ಅಂಗಡಿಯ ಕಳೆ

ವಿದ್ಯಾನಗರದಲ್ಲಿ ಒಂದು ನೆಟ್ ಸೆಂಟರ್ ಇತ್ತು. ಈಗ ಆ ಜಾಗದಲ್ಲಿ ಕಬ್ಬಿನ ಹಾಲು ಮಾರುತ್ತಾರೆ. ಅದರ ಮಾಲೀಕ ಚೌಕಾಸಿ ಮಾಡಿ ಮಾಡಿ ನನ್ನ ಹತ್ತಿರವಿದ್ದ ಅತಿ ಅಗ್ಗದ ಸ್ವಿಚ್ಚು ಒಯ್ದಿದ್ದ. ಒಂದು ಮಧ್ಯಾಹ್ನ ಅವನ ಫೋನು.

"ಸಾರ್, ಒಂದು ಕಂಪ್ಯೂಟರಿಗೂ ಇಂಟರ್ನೆಟ್ ಬರ್ತಿಲ್ಲ. ಆದ್ರೆ ನಿಮ್ಮ ಸ್ವಿಚ್ಚಿನ ಮೇಲೆ ತಪ್ಪು ಹೊರಿಸಲ್ಲ. ಅದು ಪಾಪ, ಯಾವತ್ತೂ ಇಲ್ಲದಷ್ಟು ಕೆಲಸ ಮಾಡ್ತಿದೆ."

ಹೋಗಿ ನೋಡಿದೆ. ಅಷ್ಟೂ ದೀಪ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಹುಚ್ಚು ಹಿಡಿದು ಮಿಣುಕುತ್ತಿದ್ದವು. ಕಸ ಗುಡಿಸುವಾಗ ಯಾರೋ ನೇತಾಡುತ್ತಿದ್ದ ವೈರಿನ ತುದಿ ನೋಡಿ, ಅದನ್ನೂ ಅದೇ ಪೆಟ್ಟಿಗೆಗೆ ಚುಚ್ಚಿದ್ದರು. ಒಂದೇ ವೈರಿನ ಎರಡೂ ತುದಿ ಒಂದೇ ಪೆಟ್ಟಿಗೆಯಲ್ಲಿ. ಒಂದು ತೂತಿನಿಂದ ಹೊರಟ ಸುದ್ದಿ ಇನ್ನೊಂದರಿಂದ ವಾಪಸ್ ಬರುತ್ತದೆ, ಮತ್ತೆ ಹೊರಡುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿದ ಒಂದು ಮಾತು ಆಲ್ಕೊಳ ಸರ್ಕಲ್ ಸುತ್ತಿ ಬರುವಷ್ಟರಲ್ಲಿ ಹತ್ತಾಗುತ್ತದಲ್ಲ, ಹಾಗೆ. ನಿಜವಾದ ಕೆಲಸಕ್ಕೆ ದಾರಿಯೇ ಉಳಿಯುವುದಿಲ್ಲ.

ವೈರು ಕಿತ್ತೆ. ಎಲ್ಲ ತಣ್ಣಗಾಯಿತು, ಇಂಟರ್ನೆಟ್ ಬಂತು. ಮಾಲೀಕ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದ.

"ಎಲ್ಲ ಸರಿ ಹೋಯ್ತು ಸಾರ್. ಆದ್ರೆ ಅಂಗಡಿಯ ಕಳೆಯೇ ಹೋಯ್ತು."

ಟೀ ಕುಡಿದು ಬನ್ನಿ

ಅಲ್ಲಿಂದ ಮುಂದೆ ನಾನು ಎಲ್ಲರಿಗೂ ಸ್ಪ್ಯಾನಿಂಗ್ ಟ್ರೀ ಎಂಬ ಕಾವಲುಗಾರನಿರುವ ಸ್ವಿಚ್ಚನ್ನೇ ತೋರಿಸತೊಡಗಿದೆ. ಅದು ಯಾವ ತೂತನ್ನೂ ನಂಬಿಕೆ ಮೇಲೆ ತೆರೆಯುವುದಿಲ್ಲ. ಈ ದಾರಿ ಸುತ್ತಿ ನನ್ನ ಹತ್ತಿರವೇ ಬರುತ್ತದೆಯೋ ಎಂದು ಮೊದಲು ನೋಡುತ್ತದೆ. ಹಾಗಿದ್ದರೆ ಒಂದು ತೂತನ್ನು ಮುಚ್ಚಿಟ್ಟು ಕಿತ್ತಳೆ ದೀಪ ಉರಿಸುತ್ತದೆ.

ಅಂಥದ್ದೊಂದನ್ನು ಭದ್ರಾವತಿಯ ಒಂದು ಸೀರೆ ಅಂಗಡಿಗೆ ಹಾಕಿದೆ. ಅಲ್ಲಿನ ಹಿರಿಯ ಯಜಮಾನರು ಜನ್ಮಪೂರ್ತಿ ಕೈಯಲ್ಲೇ ಬಿಲ್ಲು ಬರೆದವರು. ಕಂಪ್ಯೂಟರ್ ಬಂದ ಮೇಲೆ ಗಲ್ಲಾದ ಹತ್ತಿರ ಅವರ ಸೊಸೆ ಕೂತರು. ಯಜಮಾನರ ಕುರ್ಚಿ ಬಾಗಿಲ ಬಳಿ ಬಂತು. ಮೊದಲ ದಿನವೇ ಅವರು ನನ್ನೆದುರಿಗೇ ಸೊಸೆಗೆ ಹೇಳಿದರು: "ದಸರಾದ ಆಯುಧ ಪೂಜೆ ಮುಗಿಯೋ ತನಕ ನೋಡ್ತೀನಮ್ಮ. ಹಬ್ಬದ ಗಿರಾಕಿ ಮುಂದೆ ಇದು ಕೈ ಕೊಟ್ರೆ ಬಿಲ್ ಬುಕ್ಕು ಹಿಡ್ಕೊಂಡು ನಾನು ಗಲ್ಲಾಕ್ಕೆ, ನೀನು ಮೊದಲಿನ ಹಾಗೆ ಮಹಡಿ ಮೇಲೆ ಸೀರೆ ಮಡಿಸೋಕೆ."

ನಾನು ಹೊರಡುವಾಗ ಆಕೆ ಮೆಲ್ಲಗೆ, "ಅಣ್ಣ, ಮಡಿಸಿ ಮಡಿಸಿ ಸಾಕಾಗಿದೆ. ಇದು ನಿಲ್ಲದ ಹಾಗೆ ನೋಡ್ಕೊಳ್ಳಿ" ಅಂದರು.

ಭದ್ರಾವತಿಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಎಲ್ಲ ದೀಪವೂ ಕಿತ್ತಳೆ. ಯಜಮಾನರಿಗೆ ತಡೆಯದು. ವೈರು ಕೀಳುವುದು, ಚುಚ್ಚುವುದು. ಚುಚ್ಚಿದಾಗಲೆಲ್ಲ ಪೆಟ್ಟಿಗೆ ಮೊದಲಿನಿಂದ ಯೋಚನೆ ಶುರು ಮಾಡುವುದು. ಹಸಿರಾಗಲು ಬಿಟ್ಟರೆ ತಾನೆ?

"ಯಜಮಾನ್ರೆ, ಮುಟ್ಟಬೇಡಿ, ಅದೇ ಸರಿಯಾಗುತ್ತೆ" ಎಂದೆ ಫೋನಿನಲ್ಲಿ.

"ಗಿರಾಕಿ ನಿಂತಿರುವಾಗ ಕೈ ಕಟ್ಕೊಂಡು ಕೂರೋದು ನಮ್ಮ ವಂಶದಲ್ಲೇ ಇಲ್ಲ ಮಾರಾಯ್ರೆ."

"ಹಾಗಾದ್ರೆ ಎದುರಿನ ಕ್ಯಾಂಟೀನಿಗೆ ಹೋಗಿ ಒಂದು ಟೀ ಕುಡೀರಿ. ಬರೋದ್ರೊಳಗೆ ಹಸಿರಾಗಿರುತ್ತೆ."

ಉಪಾಯ ಫಲಿಸಿತು. ವಾರಗಟ್ಟಲೆ ದೂರಿಲ್ಲ. ಆಮೇಲೊಂದು ದಿನ ಬೆಳಿಗ್ಗೆ ಫೋನು, ದನಿಯಲ್ಲಿ ಸುಸ್ತು: "ಏನ್ ಮಾರಾಯ್ರೆ, ನಾಲ್ಕು ಟೀ ಆಯ್ತು. ಇವತ್ತು ಕರೆಂಟೇ ಬರ್ತಿಲ್ಲವಲ್ಲ."

ಹೊಸ ಸೊಸೆ

ಆ ಒಂದು ನಿಮಿಷ ಪೆಟ್ಟಿಗೆ ಏನು ಮಾಡುತ್ತದೆ ಎಂದು ಸೊಸೆ ಕೇಳಿದರು. ಪುಸ್ತಕದಲ್ಲಿರುವಂತೆ ಹೇಳಿದರೆ ನನಗೇ ಅರ್ಥವಾಗುವುದಿಲ್ಲ. ಅದಕ್ಕೆ ಹೀಗೆ ಹೇಳಿದೆ.

"ಮನೆಗೆ ಹೊಸ ಸೊಸೆ ಬಂದ ಹಾಗೆ ಅಂತ ಇಟ್ಕೊಳ್ಳಿ. ಮೊದಲನೇದು ಬ್ಲಾಕಿಂಗ್. ಹೊಸ್ತಿಲ ಹತ್ತಿರವೇ ನಿಲ್ಲೋದು, ಹಿರಿಯರು ಹೇಳಿದ್ದಷ್ಟು ಕಿವಿಗೆ ಹಾಕ್ಕೊಳ್ಳೋದು. ಎರಡನೇದು ಲಿಸನಿಂಗ್. ಈ ಮನೇಲಿ ಯಜಮಾನಿಕೆ ಯಾರದು, ನಾನು ಬಾಯಿ ಬಿಟ್ರೆ ಗಲಾಟೆ ಆಗುತ್ತೋ ಅಂತ ತಿಳ್ಕೊಳ್ಳೋದು. ಮೂರನೇದು ಲರ್ನಿಂಗ್. ಯಾರು ಯಾವ ಕೋಣೇಲಿ ಇರ್ತಾರೆ ಅಂತ ಗುರುತು ಮಾಡ್ಕೊಳ್ಳೋದು. ಆಗಲೂ ಮಾತಿಲ್ಲ. ನಾಲ್ಕನೇದು ಫಾರ್ವರ್ಡಿಂಗ್. ದೀಪ ಹಸಿರು. ಇನ್ನು ಮಾತಾಡಬಹುದು, ಯಾರ ಮಾತು ಯಾರಿಗೆ ಮುಟ್ಟಿಸಬೇಕೋ ಮುಟ್ಟಿಸಬಹುದು."

ಆಕೆ ಬಿಲ್ಲು ಹೊಡೆಯುವುದನ್ನು ನಿಲ್ಲಿಸಿ ಪೆಟ್ಟಿಗೆ ಕಡೆ ನೋಡಿದರು.

"ಎಲ್ಲ ಒಂದೇ ನಿಮಿಷದಲ್ಲಿ ಮುಗಿಯುತ್ತಾ ಅಣ್ಣ? ನನ್ನ ಮಗ ಹೈಸ್ಕೂಲಿಗೆ ಬಂದ, ನಾನಿನ್ನೂ ಮೂರನೇದರಲ್ಲೇ ಇದ್ದೀನಿ."

ಎರಡನೇ ವೈರು

ಅದೇ ಅಂಗಡಿಯಲ್ಲಿ ಕೆಳಗಿನ ಪೆಟ್ಟಿಗೆಗೂ ಮಹಡಿ ಮೇಲೆ ಹಾಕಿದ್ದ ಇನ್ನೊಂದು ಪೆಟ್ಟಿಗೆಗೂ ನಡುವೆ ಎರಡು ವೈರು ಎಳೆದಿದ್ದೆ. ಒಂದು ಕೆಲಸ ಮಾಡುತ್ತದೆ; ಇನ್ನೊಂದನ್ನು ಸ್ಪ್ಯಾನಿಂಗ್ ಟ್ರೀ ಮುಚ್ಚಿಟ್ಟಿರುತ್ತದೆ. ಮೊದಲನೆಯದಕ್ಕೆ ಏನಾದರೂ ಆದ ದಿನ ಅದು ತಾನಾಗಿ ತೆರೆದುಕೊಳ್ಳುತ್ತದೆ. ಯಜಮಾನರಿಗೆ ಇದು ಹಿಡಿಸಲಿಲ್ಲ.

"ಜೋಡೆತ್ತು ಕೊಟ್ಟು ಒಂದನ್ನ ಕೊಟ್ಟಿಗೇಲೇ ಕಟ್ಟಿ ಹಾಕ್ತೀರಲ್ಲ."

"ಕಷ್ಟಕಾಲಕ್ಕೆ ಬರುತ್ತೆ, ಇರ್ಲಿ."

ಮಳೆಗಾಲ ಮುಗಿಯುವ ಹೊತ್ತಿಗೆ ನೋಡಲು ಹೋದಾಗ, ಮೊದಲನೇ ವೈರನ್ನು ಇಲಿ ಕಡಿದು ಯಾವ ಕಾಲವಾಗಿತ್ತೋ. ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಎರಡನೆಯದು ಸದ್ದಿಲ್ಲದೆ ಹೊಣೆ ಹೊತ್ತಿತ್ತು. ಇಲಿ ಕಡಿದ ತುಂಡನ್ನು ಸಾಕ್ಷಿಗೆ ಹಿಡಿದುಕೊಂಡು ಹೆಮ್ಮೆಯಿಂದ ಯಜಮಾನರ ಮುಂದೆ ನಿಂತೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ಎರಡನೇದೇ ಇಷ್ಟು ದಿನ ಅಂಗಡಿ ನಡೆಸಿದೆ. ಮತ್ತೆ ಈ ಮೊದಲನೇದನ್ನ ಯಾಕೆ ಮಾರಿದ್ರಿ?"

ಆಯುಧ ಪೂಜೆ

ಆಯುಧ ಪೂಜೆಯ ದಿನ ನಮ್ಮ ಕಡೆ ಕುಡುಗೋಲಿನಿಂದ ಕಂಪ್ಯೂಟರಿನವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಯಜಮಾನರು ಕೊಟ್ಟ ಗಡುವಿನ ಕೊನೆಯ ದಿನವೂ ಅದೇ. ಬೆಳಿಗ್ಗೆ ಪೂಜೆ, ಬೆನ್ನಿಗೇ ಅಂಗಡಿ ತುಂಬ ಗಿರಾಕಿ. ಸೊಸೆ ಹಿಂದಿನ ದಿನವೇ ನನಗೆ ಫೋನು ಮಾಡಿದ್ದರು: "ಅಣ್ಣ, ನಾಳೆ ಒಂದು ದಿನ ದಾಟಿದ್ರೆ ಗಲ್ಲಾ ನಂದೇ. ನೀವು ಇಲ್ಲೇ ಇರಬೇಕು."

ಶಿವಮೊಗ್ಗದ ನನ್ನ ಅಂಗಡಿಯ ಪೂಜೆ ಮುಗಿಸಿ ಅಲ್ಲಿಗೆ ಹೋದೆ. ಹೆಂಗಸರು ಗಲ್ಲಾಕ್ಕೆ ಮುತ್ತಿಕೊಂಡಿದ್ದರು, ಬಿಲ್ಲು ಸರಸರ ಬರುತ್ತಿತ್ತು. ಯಜಮಾನರು ನನ್ನ ಕೈ ಹಿಡಿದು ನೇರವಾಗಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಅದಕ್ಕೆ ವಿಭೂತಿ ಪಟ್ಟೆ, ಸೇವಂತಿಗೆ ಹಾರ.

"ಪೂಜೆಗೆ ಅಂತ ಒರೆಸ್ತಿದ್ದೆ. ಒಂದು ವೈರಿನ ತುದಿ ಬರಿದೇ ನೇತಾಡ್ತಿತ್ತು. ಹಬ್ಬದ ದಿನ ಹಾಗೆ ಬಾಯಿ ಬಿಟ್ಕೊಂಡಿರಬಾರದು ನೋಡಿ, ನಾನೇ ಕೊನೇ ತೂತಿಗೆ ಹಾಕಿದೆ."

ವೈರು ಹಿಡಿದು ನೋಡುತ್ತ ಹೋದೆ. ಅದರ ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿತ್ತು. ಅಗ್ಗದ ಸ್ವಿಚ್ಚಾಗಿದ್ದರೆ ಆ ಕ್ಷಣವೇ ಅಂಗಡಿ ನಿಲ್ಲುತ್ತಿತ್ತು. ಇದು ಯಜಮಾನರ ತೂತನ್ನು ಮಾತ್ರ ಮುಚ್ಚಿ, ಕಿತ್ತಳೆ ದೀಪ ಹಚ್ಚಿ, ತನ್ನ ಪಾಡಿಗೆ ತಾನು ವ್ಯಾಪಾರ ನಡೆಸುತ್ತಿತ್ತು. ಸೊಸೆ ಗಲ್ಲಾದಿಂದಲೇ ನನ್ನ ಮುಖ ನೋಡಿದರು, ವೈರು ನೋಡಿದರು. ಅರ್ಥವಾಯಿತು. ಬಿಲ್ಲು ಹೊಡೆಯುವ ಕೈ ನಿಂತಿತು.

"ಇದೊಂದು ತೆಗೆದುಬಿಡ್ಲಾ ಯಜಮಾನ್ರೆ?" ಎಂದು ಕೈ ಚಾಚಿದೆ.

ಅವರು ನನ್ನ ಕೈ ಸರಿಸಿದರು. "ಮುಟ್ಟಬೇಡಿ. ನೀವು ಹಾಕಿದ್ದೆಲ್ಲ ಹಸಿರು, ಎಲ್ಲ ಮಿಣುಕುತ್ತವೆ. ನಾನು ಹಾಕಿದ್ದೊಂದೇ ಕಾವಿ ಬಣ್ಣದಲ್ಲಿ ನಂದಾದೀಪದ ಹಾಗೆ ನಿಂತು ಉರೀತಿದೆ. ಅದು ಬಂದ ಮೇಲೇ ನೋಡಿ ವ್ಯಾಪಾರ ಹೀಗೆ ಏರಿದ್ದು."

ಗಿರಾಕಿಯನ್ನು ಕಳೆದುಕೊಳ್ಳುವಂಥ ಸತ್ಯವನ್ನು ನಾನು ವ್ಯಾಪಾರದಲ್ಲಿ ಎಂದೂ ಹೇಳಿಲ್ಲ. "ಭದ್ರವಾಗಿ ಕೂತಿದೆ" ಎಂದೆ. ಅದು ಸುಳ್ಳಲ್ಲ.

ಯಜಮಾನರು ಹಾರ ಸರಿಮಾಡಿದರು. ಗಲ್ಲಾದ ಪಕ್ಕ ಕಾದು ಕೂತಿದ್ದ ಬಿಲ್ ಬುಕ್ಕುಗಳ ಕಟ್ಟನ್ನು ಎತ್ತಿ, ಸೀರೆ ಸುತ್ತುವ ಹುಡುಗಿಯರ ಕಡೆ ಪ್ಯಾಕಿಂಗಿಗೆ ತಳ್ಳಿದರು. ಆಮೇಲೆ ಸೊಸೆಯ ಕಡೆ ತಿರುಗಿ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದರು:

"ನೀನು ಧೈರ್ಯವಾಗಿ ಅಲ್ಲೇ ಕೂತ್ಕೊಳಮ್ಮ. ಪೆಟ್ಟಿಗೆ ಕೆಟ್ರೆ ನೋಡ್ಕೊಳ್ಳೋಕೆ ನಾನಿದ್ದೀನಿ."