ಇಲಿ ತಿಂದ ಶಬ್ದ

ಇಲಿ ತಿಂದದ್ದು ಬೆರಳಗಲದ ಕಾಗದ. ಬ್ಯಾಡಗಿಯಲ್ಲಿ ಅಷ್ಟೊಂದು ಮೆಣಸಿನಕಾಯಿ ಇದ್ದರೂ ಅದಕ್ಕೆ ಸ್ನೇಹಾಳ ಡಿಕ್ಷನರಿಯೇ ರುಚಿಸಿತ್ತು. ಅಪ್ಪ ಅಂದಾನೆಪ್ಪನಿಗೆ ಇವತ್ತು ಬೇಕಾದ ಶಬ್ದ ಆ ಬೆರಳಗಲದಲ್ಲೇ ಇತ್ತು.

ಬೆಳಿಗ್ಗೆ ರಾಣೆಬೆನ್ನೂರಿನಿಂದ ಮೈಲಾರೆಪ್ಪನ ಫೋನು ಬಂದಿತ್ತು. ಅವನ ಮಗ ಸಿದ್ದಲಿಂಗೇಶ ಹೋದ ವಾರ ಸ್ನೇಹಾಳನ್ನು ನೋಡಿ ಹೋಗಿದ್ದ.

"ನಿಮ್ಮ ಮಗಳು ತಾನು ಇಂಟ್ರೋವರ್ಟ್ ಅಂತ ನಮ್ಮ ಹುಡುಗಗ ಹೇಳ್ಯಾಳಂತ. ಖರೇ ಏನ್ರಿ? ಸಂಜಿಕ ಬರ್ತೀವಿ, ಕುಂತು ಮಾತಾಡೂಣು."

"ಹೂಂ ಹೂಂ" ಎಂದು ಅಂದಾನೆಪ್ಪ ಫೋನಿಟ್ಟ. ಅರ್ಥ ಕೇಳೋಣವೆಂದರೆ ಮಗಳು ಪರೀಕ್ಷೆಗೆಂದು ಹಾವೇರಿಗೆ ಹೋಗಿದ್ದಳು. ಇಷ್ಟು ಒಳ್ಳೆಯ ಸಂಬಂಧ ಈಗ ಇಲಿಯ ಹೊಟ್ಟೆಯಲ್ಲಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ರಹಿಮಾನಸಾಬ ಒಳಗೆ ಬಂದ. ಬಾಗಿಲು ತಟ್ಟುವ ರೂಢಿ ಅವನಿಗಿರಲಿಲ್ಲ. ವಿಷಯ ಕೇಳಿ ನಕ್ಕ.

"ಇದಕ್ಯಾಕ ಇಷ್ಟು ಚಿಂತಿ ಅಂದಾನೆಪ್ಪಣ್ಣ? ಹುಡುಗನ ಗುಣ ಹೆಂಗ ವಿಚಾರಿಸ್ತೀರಿ? ಬಾಜೂ ಮನಿಯವರನ್ನ ಕೇಳಂಗಿಲ್ಲ? ಶಬ್ದಕ್ಕೂ ಹಂಗ. ಮ್ಯಾಲಿನ ಮನ್ಯಾಗ ಯಾರದಾರ, ಓದ್ರಿ."

"ಇಂಟಾಕ್ಸಿಕೇಟ್. ಅಮಲೇರಿಸು."

"ಯಾ ಅಲ್ಲಾ! ಕೆಳಗಿನ ಮನ್ಯಾಗ?"

"ಇಂಟ್ರೂಡ್. ಕರೆಯದೆ ಒಳನುಗ್ಗು."

"ಮುಗೀತಲ್ರಿ! ಅಮಲೇರಿಸ್ಕೊಂಡು ಮಂದಿ ಮನಿ ಹೊಗೂದು."

ಅಂದಾನೆಪ್ಪನ ಹೆಂಡತಿ ಹೊನ್ನವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ನನ್ನ ಮಗಳು ಚಾ ಸೈತ ಅರ್ಧ ಕಪ್ಪು ಕುಡೀತಾಳ!"

"ಮನ್ಯಾಗ ಅರ್ಧ ಕಪ್ಪು ವೈನಿ. ಹಾವೇರ್ಯಾಗ ಯಾರು ನೋಡ್ಯಾರ?"

ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಎದುರು ಮನೆಯ ಭರಮವ್ವ "ಅಮಲಿಗೆ ಛಲೋ" ಎಂದು ಒಂದು ತಂಬಿಗೆ ಹುಳಿಮಜ್ಜಿಗೆ ತಂದಳು. ಮತ್ತೊಬ್ಬಳು ಹುಡುಗಿಯ ಹಣೆಗೆ ಹಚ್ಚಲೆಂದು ಕದರಮಂಡಲಗಿ ಹನುಮಪ್ಪನ ಗುಡಿಯ ಅಂಗಾರ ತಂದಳು. ಹುಡುಗಿ ಯಾರ ಮನೆಗೂ ನುಗ್ಗದಿರಲಿ ಎಂದು, ಯಾರೂ ಕರೆಯದಿದ್ದರೂ ಎಲ್ಲರೂ ಅಂದಾನೆಪ್ಪನ ಪಡಸಾಲೆಯಲ್ಲಿ ಬಂದು ಕೂತರು.

ಸಂಜೆ ಮೈಲಾರೆಪ್ಪ ಚಹಾದ ಕಪ್ಪು ಎತ್ತುವ ಮೊದಲೇ ಅಂದಾನೆಪ್ಪ ಕೈ ಮುಗಿದ.

"ಮುಚ್ಚಿಡಂಗಿಲ್ರಿ. ಆ ಇಂಟ್ರೋವರ್ಟ್ ಮದಲ ಇತ್ತು. ಈಗ ಪೂರಾ ಬಿಟ್ಟಾಳ."

"ನಾ ಜಾಮೀನು," ಎಂದ ರಹಿಮಾನಸಾಬ.

"ನಾನೂ," ಎಂದಳು ಭರಮವ್ವ.

ಮೈಲಾರೆಪ್ಪನ ಮುಖ ನೀರು ಬಿದ್ದ ಹಪ್ಪಳದಂತಾಯಿತು.

"ಬಿಟ್ಟಾಳ? ಅದಕ್ಕ ಒಪ್ಪಿದ್ವಲ್ರಿ ನಾವು! ನಮ್ಮ ಮನ್ಯಾಗ ಎಲ್ಲಾರೂ ಒಮ್ಮೆಲೇ ಮಾತಾಡ್ತೀವಿ, ಕೇಳಾಕ ಒಬ್ಬರಿಲ್ಲ. ಮಾತು ಕಡಿಮಿ, ತನ್ನಷ್ಟಕ್ಕ ತಾ ಇರೋ ಹುಡುಗಿ ಸಿಕ್ಕಳು ಅಂತ ಖುಷಿಯಾಗಿದ್ವಿ. ಇನ್ನೊಂದು ಬಾಯಿ ನಮಗ ಬ್ಯಾಡ್ರಿ."

"ಬಿಟ್ಟಿಲ್ರಿ! ಇನ್ನೂ ಐತಿ!" ಅಂದಾನೆಪ್ಪ ಎದ್ದು ನಿಂತ.

"ಸುಮ್ನಿರ್ರಿ. ಓಣಿಗೆ ಓಣೀನ ಜಾಮೀನು ನಿಂತೈತಿ," ಎಂದು ಮೈಲಾರೆಪ್ಪ ಚಪ್ಪಲಿ ಮೆಟ್ಟಿಕೊಂಡ.

ಪರೀಕ್ಷೆ ಮುಗಿಸಿ ಹಿತ್ತಲ ಬಾಗಿಲಿನಿಂದ ಬಂದ ಸ್ನೇಹಾ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಿದ್ದಲಿಂಗೇಶ ಅವಳಿಗೆ ಇಷ್ಟವಾಗಿದ್ದ. ಹೊರಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. "ಮಾತಾಡು" ಎಂದು ಅಪ್ಪ ಕಣ್ಣಲ್ಲೇ ಬೇಡಿಕೊಂಡ. ಅವಳು ಬಾಯಿ ತೆರೆದಳು, ಪಡಸಾಲೆ ತುಂಬಿದ ಮಂದಿಯನ್ನು ಕಂಡಳು, ಬಾಯಿ ಮುಚ್ಚಿದಳು. ಬೀದಿಯ ತುದಿಯಲ್ಲಿ ಬೀಗರಾಗಬೇಕಾದವರ ಜೀಪು ಮರೆಯಾಯಿತು.

ರಹಿಮಾನಸಾಬ ಬಾಗಿಲ ಮರೆಯತ್ತ ಇಣುಕಿ, ತಗ್ಗಿದ ದನಿಯಲ್ಲಿ ಹೇಳಿದ:

"ಜಾಮೀನು ಕೊಟ್ಟು ತಪ್ಪು ಮಾಡಿದೆ ಅಣ್ಣಾ. ಇಕಿ ಇನ್ನೂ ಪೂರಾ ಬಿಟ್ಟಿಲ್ಲ."