ಒಂದೂವರೆ ಎಣಿಕೆಯ ಮೌನ

ಯಾರು ಏನು ಹೇಳಿದರೂ ‘ಹೌದಾ’ ಎಂದು ಸುಮ್ಮನಾಗುವ ಗುಣ ನನಗಿಲ್ಲ. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗೆ ಅಲೆದದ್ದರ ಫಲ ಇದು. ಗೆದ್ದ ಕಪ್ಪುಗಳು ಅಮ್ಮನ ಶೋಕೇಸಿನಲ್ಲಿ ಉಳಿದವು, ಚಟ ಮಾತ್ರ ನನ್ನ ಜೊತೆ ವಿಮಾನ ಹತ್ತಿ ಈ ದೇಶದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿಗೆ ಬಂತು. ಊಟಕ್ಕೆ ಕರೆದವರು ‘ಈ ಸಾರಿಗೆ ಬೆಳ್ಳುಳ್ಳಿ ಹಾಕಿಲ್ಲ’ ಎಂದರೂ ಆಧಾರ ಕೇಳುತ್ತೇನೆ. ಹೀಗಾಗಿ ನನ್ನನ್ನು ಎರಡನೇ ಸಲ ಊಟಕ್ಕೆ ಕರೆಯುವವರು ಕಡಿಮೆ. ವಿಡಿಯೋ ಇದ್ದರೆ ಮಾತ್ರ ತಕ್ಷಣ ಒಪ್ಪುತ್ತೇನೆ. ನನಗೆ ಸಂಗೀತ ಬರುತ್ತದೆಂದು ಮೈಸೂರಿನ ನೆಂಟರು ನಂಬಿದ್ದೂ ವಿಡಿಯೋ ನೋಡಿಯೇ. ಪಕ್ಕದೂರು ಅರೋರಾದ ದೇವಸ್ಥಾನದ ಸಭಾಂಗಣದಲ್ಲಿ, ರಾಜ್ಯೋತ್ಸವದ ಸಮೂಹಗಾನದ ಮೊದಲ ಸಾಲಿನಲ್ಲಿ, ನಾನು ಕಣ್ಣುಮುಚ್ಚಿ ಹಾಡುತ್ತಿರುವ ವಿಡಿಯೋ ಅದು.

ಇಂಥ ಗಟ್ಟಿ ಸಿದ್ಧಾಂತಕ್ಕೆ ಮೊನ್ನೆ ಶನಿವಾರ ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ ದೊಡ್ಡಮಾವನ ಊಟದ ಮೇಜಿನ ಮೇಲೆ ಬಿದ್ದ ಪೆಟ್ಟಿನಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ದೊಡ್ಡಮಾವ ಎಂದರೆ ಅಮ್ಮನ ಹಿರಿಯಣ್ಣ. ಐವತ್ತು ವರ್ಷಗಳ ಹಿಂದೆ ಓದಲು ಡೆಟ್ರಾಯ್ಟ್‌ಗೆ ಬಂದವರು, ಕಾರಿನ ಬ್ರೇಕು ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮೊಮ್ಮಗಳು ದಿಯಾ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾಳೆ. ಈ ಸಲ ಬ್ಯಾಂಡಿನವರು ಎತ್ತಿಕೊಂಡಿರುವುದು ಒಂದು ಹಳೆಯ ರಾಕ್ ಹಾಡು. ಇಲ್ಲಿ ದಿನಸಿ ಅಂಗಡಿಯಲ್ಲೂ ಕಿವಿಗೆ ಬೀಳುವಷ್ಟು ಪ್ರಸಿದ್ಧ. ನಡುವೆ ವಾದ್ಯಗಳೆಲ್ಲ ಗಕ್ಕನೆ ನಿಂತು, ಒಂದೂವರೆ ಎಣಿಕೆಯಷ್ಟು ಹೊತ್ತು ಮೌನವಾಗಿ, ಆಮೇಲೆ ‘ಘುಂ’ ಎಂಬ ಸದ್ದೊಂದು ಜಾರುತ್ತಾ ಬರುತ್ತದೆ. ‘ಅದು ನಮ್ಮ ತಾತನ ಖಂಜಿರ’ ಎಂದು ದಿಯಾ ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದಾಳೆ. ಎಲ್ಲರೂ ನಕ್ಕಿದ್ದಾರೆ. ಸೋಮವಾರ ಪುರಾವೆ ತರಬೇಕು, ಇಲ್ಲದಿದ್ದರೆ ಅವಳು ಸುಳ್ಳುಬುರುಕಿ.

“ನೀನು ವಾದದಲ್ಲಿ ಗಟ್ಟಿಗಿತ್ತಿ. ಇವಳಿಗೆ ಸ್ವಲ್ಪ ಹೇಳಿಕೊಡು ಬಾ,” ಎಂದು ಮಾವ ಕರೆದಿದ್ದರು. ನಾನು ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಮಾಡಿದ ಮೊದಲ ಕೆಲಸವೆಂದರೆ ಎದುರು ಪಕ್ಷ ಸೇರಿದ್ದು. ಹಾಡಿನ ಮೂಲ ಬ್ಯಾಂಡು ಆಗಿನ ಕಾಲದ ಟಿವಿಯಲ್ಲಿ ಅದನ್ನು ಹಾಡಿದ ವಿಡಿಯೋ ಹಾಕಿದೆ.

“ನೋಡಿ ಮಾವ, ನಾಲ್ಕೇ ಜನ. ನಾಲ್ಕೂ ಜನ ಬಿಳಿಯರು. ‘ಘುಂ’ ಅನ್ನೋವಾಗ ಇವನು ಟ್ಯಾಂಬುರಿನ್ ಅಲ್ಲಾಡಿಸ್ತಿದಾನೆ. ನೀವೆಲ್ಲಿ?”

“ಕ್ಯಾಂಟೀನಲ್ಲಿದ್ದೆ ಕಣೇ.”

ದಿಯಾಳ ಕಣ್ಣು ತುಂಬಿತು. “ತಾತಾ, ನೋಬಡಿ ವಿಲ್ ಬಿಲೀವ್ ಮಿ.”

ಮಾವ ಬೇಸರ ಮಾಡಿಕೊಳ್ಳಲಿಲ್ಲ. “ಆ ಎಲೆಕ್ಟ್ರಿಕ್ ಗಿಟಾರಿನ ವೈರ್ ಎಲ್ಲಿದೆ ತೋರಿಸು,” ಎಂದರು.

ದೊಡ್ಡದು ಮಾಡಿ ನೋಡಿದೆ. ವೈರ್ ಇರಲಿಲ್ಲ. ಇನ್ನೊಂದು ಗಿಟಾರಿಗೂ ಇರಲಿಲ್ಲ. ಹಾಡುವವನು ಮೈಕಿನಿಂದ ಮುಖ ತಿರುಗಿಸಿದರೂ ದನಿ ಒಂದಿಷ್ಟೂ ತಗ್ಗಲಿಲ್ಲ.

“ಟಿವಿಯವರು ರೆಕಾರ್ಡ್ ಹಾಕ್ತಾ ಇದ್ರು, ಇವರು ಬಾಯಿ ಆಡಿಸ್ತಾ ಇದ್ರು, ಅಷ್ಟೇ. ನನಗೂ ಬಾರಿಸೋ ಹಾಗೆ ನಟಿಸು ಅಂದ್ರು. ವಾದ್ಯ ಮುಟ್ಟಿದ್ರೆ ನುಡಿಸಬೇಕು ಅಂತ ಊರಲ್ಲಿ ನಮ್ಮ ಖಂಜಿರದ ಮೇಷ್ಟ್ರು ಹೇಳಿಕೊಟ್ಟಿದ್ರು. ಆಗಲ್ಲ ಅಂದು ಕಾಫಿ ಕುಡಿಯಕ್ಕೆ ಹೋದೆ.”

ಅಂದರೆ ಪರದೆಯ ಮೇಲೆ ಕಂಡವರು ಯಾರೂ ನುಡಿಸುತ್ತಿರಲಿಲ್ಲ, ನುಡಿಸಿದವರು ಪರದೆಯ ಮೇಲಿರಲಿಲ್ಲ. ಆದರೂ ಸೋಲೊಪ್ಪುವುದು ನನಗೆ ಗೊತ್ತಿಲ್ಲ. “ಹಾಗಾದ್ರೆ ಆ ಮೌನ ಯಾಕೆ? ಕಾರ್ಖಾನೆ ಊರಿನ ಒಂಟಿತನ ಅದರಲ್ಲಿದೆ ಅಂತ ಎಷ್ಟು ಜನ ವಿಶ್ಲೇಷಣೆ ಮಾಡಿದಾರೆ.”

“ಒಂಟಿತನ ಅಲ್ಲ, ಹೀಟರು,” ಎಂದರು ಅಡುಗೆಮನೆಯಿಂದ ಅತ್ತೆ. ಈ ಕಥೆ ಅವರಿಗೆ ಬಾಯಿಪಾಠ.

ಓದುವಾಗ ಮಾವ ಆ ಬ್ಯಾಂಡಿನವರ ಜೊತೆ ಹಂಚಿಕೊಂಡಿದ್ದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಚಳಿಗಾಲದಲ್ಲಿ, ಪಕ್ಕದಲ್ಲೇ ಹೀಟರ್ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದಂತೆ. ಬಿಸಿಗೆ ಖಂಜಿರದ ಚರ್ಮ ಒಣಗಿ ಬಿಗಿಯಾಗಿ ಟಣಟಣ ಎನ್ನತೊಡಗಿದೆ. ಒದ್ದೆ ಮಾಡದೆ ‘ಘುಂ’ ಬರುವುದಿಲ್ಲ. ಮಾವ ಬೆರಳನ್ನು ನೀರಿನ ಲೋಟಕ್ಕೆ ಅದ್ದುವಷ್ಟರಲ್ಲಿ ಉಳಿದವರು ನಿಲ್ಲಿಸಿ ಅವರ ಸರದಿ ಬಂದುಬಿಟ್ಟಿದೆ, ‘ಘುಂ’ ಎದ್ದದ್ದು ಒಂದೂವರೆ ಎಣಿಕೆ ತಡವಾಗಿ. ತಪ್ಪಾಯಿತೆಂದು ಇವರು ನಾಲಿಗೆ ಕಚ್ಚಿಕೊಂಡರೆ, ಬ್ಯಾಂಡಿನವರು ಆ ಮೌನವನ್ನೇ ಹಾಡಿನಲ್ಲಿ ಇಟ್ಟುಕೊಂಡರಂತೆ.

ಮಾವ ಒಳಗಿನಿಂದ ಅಂಗೈಯಗಲದ ಖಂಜಿರ ತಂದರು. ಒಣಗಿದ್ದಾಗ ಬಾರಿಸಿದರು, ಟಣ್. ಬೆರಳದ್ದಿ ಸವರಿ ಬಾರಿಸಿದರು. ‘ಘುಂ’ ಎಂದು ಅದೇ ಸದ್ದು, ಹಾಗೇ ಜಾರುತ್ತಾ, ಬೇಳೆಸಾರಿನ ಪಾತ್ರೆಯ ಪಕ್ಕದಲ್ಲಿ ಎದ್ದು ಬಂತು. ದಿಯಾ ಹೆಡ್‌ಫೋನ್ ಹಾಕಿಕೊಂಡು ಹಾಡಿನ ಆ ಮೌನವನ್ನು ಐದಾರು ಸಲ ಕೇಳಿದಳು. ಆಮೇಲೆ ನನ್ನ ಕಿವಿಗಿಟ್ಟಳು. ಮೌನದ ಕೊನೆಯಲ್ಲಿ, ತೀರಾ ಸಣ್ಣದಾಗಿ, ಹನಿಯೊಂದು ಲೋಟಕ್ಕೆ ಬಿದ್ದ ಸದ್ದು.

ಸೋಮವಾರ ಖಂಜಿರ, ಲೋಟ, ತಾತ ಮೂರೂ ಶಾಲೆಗೆ ಹೋಗುವುದೆಂದು ತೀರ್ಮಾನವಾಯಿತು.

ಪತ್ತೇದಾರಿಯ ರುಚಿ ಹತ್ತಿದ ದಿಯಾ ಈಗ ಅತ್ತೆಯ ಫೋನು ಕೆದಕುತ್ತಿದ್ದಳು. ನನ್ನ ಅಮ್ಮ ಅವರಿಗೆ ಕಳಿಸಿದ್ದ ಅರೋರಾದ ವಿಡಿಯೋ ಸಿಕ್ಕಿತು. ಅದನ್ನೂ ಹೆಡ್‌ಫೋನಿನಲ್ಲಿ ಕೇಳಿದಳು, ದೊಡ್ಡದು ಮಾಡಿ ನೋಡಿದಳು. “ಅಕ್ಕಾ, ವೇರ್ ಈಸ್ ಯುವರ್ ವಾಯ್ಸ್?”

‘ನಿನ್ನ ಸೀರೆ ಚೆನ್ನಾಗಿದೆ, ಮುಂದೆ ನಿಂತ್ಕೋ. ಬಾಯಿ ಆಡಿಸು, ದನಿ ಬೇಡ’ ಎಂದು ಹಾಡು ಕಲಿಸಿದ ಆಂಟಿ ಅಂದು ನನಗೆ ಹೇಳಿದ್ದು ನೆನಪಾಯಿತು. ಮಾವನ ಮುಖ ನೋಡಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಆ ಮುಖವೇ ಹೇಳುತ್ತಿತ್ತು.

“ಸುಮ್ನಿರು ಮರಿ,” ಎಂದರು ಮಾವ ದಿಯಾಳಿಗೆ, “ಎಲ್ಲದಕ್ಕೂ ಆಧಾರ ಕೇಳಬಾರದು.”

ಹೌದು ಎಂದೆ. ಅನ್ನದ ಮೇಲೆ ಸಾರು ಬಡಿಸಿಕೊಂಡೆ. ಬೆಳ್ಳುಳ್ಳಿ ಹಾಕಿದ್ದರೋ ಇಲ್ಲವೋ, ಕೇಳಲಿಲ್ಲ.